ಕಡಲಾಳದ ಶಬ್ದ, ತಿಮಿಂಗಿಲದ ಕಿವಿ ಮತ್ತು ನಮ್ಮ ಅರಬ್ಬೀ ಸಮುದ್ರ

ಭೂಮಿಯಲ್ಲಿ ಶೇಖರವಾಗುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದ ಪಾಲನ್ನು ಸಮುದ್ರಗಳೇ ಹೀರಿಕೊಳ್ಳುತ್ತಿವೆ ಎಂಬುದು ಇಂದು ವಿಜ್ಞಾನಿಗಳ ನಡುವೆ ವಿವಾದದ ವಿಷಯವಲ್ಲ. ಸಾಗರಗಳ ಮೇಲಿನ 2000 ಮೀಟರ್ ಜಲರಾಶಿಯಲ್ಲಿ ಸೇರಿಕೊಂಡ ಶಾಖ 2023ರಲ್ಲಿ ಅಲ್ಲಿಯವರೆಗಿನ ಎಲ್ಲ ದಾಖಲೆಗಳನ್ನು ಮೀರಿತು. 2024ರಲ್ಲಿ ಆ ದಾಖಲೆಯೂ ಹಿಂದೆ ಬಿತ್ತು. ಇದು ದೂರದ ಧ್ರುವಪ್ರದೇಶದ ಸುದ್ದಿಯೆಂದು ಮುಂಬಯಿಯಲ್ಲಿ ನೆಲೆಸಿದ ನಾವು ಪುಟ ತಿರುವುವಂತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದ ಬಿಸಿನೀರಿನ ಮೇಲೆ ಬಲಿತು, ಕರಾವಳಿ ಕರ್ನಾಟಕದ ದಡಗಳನ್ನು ಕೊರೆದು, ಮುಂಬಯಿಯನ್ನು ನಡುಗಿಸಿ ಗುಜರಾತಿಗೆ ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ಬಾಂಬೆ ಹೈ ತೈಲಕ್ಷೇತ್ರದ ಬಳಿ ಪಿ-305 ಎಂಬ ಬಾರ್ಜ್ ಮುಳುಗಿ ಹತ್ತಾರು ಕೆಲಸಗಾರರು ಪ್ರಾಣ ಕಳೆದುಕೊಂಡದ್ದೂ ಆಗಲೇ.

ಚಂಡಮಾರುತಕ್ಕೆ ಬಲ ತುಂಬುವುದು ಕಡಲಿನ ಮೇಲ್ಪದರದ ಬಿಸಿ ಮಾತ್ರವಲ್ಲ, ಆ ಬಿಸಿ ಎಷ್ಟು ಆಳದವರೆಗೆ ಇಳಿದಿದೆ ಎಂಬುದು ಕೂಡ. ಬಿಸಿನೀರಿನ ಪದರ ತೆಳುವಾಗಿದ್ದರೆ ಗಾಳಿಯ ಹೊಡೆತಕ್ಕೆ ಕೆಳಗಿನ ತಣ್ಣೀರು ಮೇಲೆದ್ದು ಬಂದು ಚಂಡಮಾರುತ ತಾನಾಗಿಯೇ ಸೊರಗುತ್ತದೆ. ಪದರ ದಪ್ಪವಾಗಿದ್ದರೆ ಅದಕ್ಕೆ ಇಂಧನದ ಕೊರತೆಯೇ ಇಲ್ಲ. ಉಪಗ್ರಹಗಳು ಕಡಲಿನ ಚರ್ಮದ ಉಷ್ಣತೆಯನ್ನು ನೋಡಬಲ್ಲವು, ಒಡಲನ್ನು ನೋಡಲಾರವು. ಬೆಳಕಾಗಲಿ ರೇಡಿಯೋ ತರಂಗವಾಗಲಿ ಉಪ್ಪುನೀರಿನಲ್ಲಿ ಬಹುದೂರ ಸಾಗುವುದಿಲ್ಲ. ಸಾಗಬಲ್ಲದ್ದು ಒಂದೇ, ಶಬ್ದ.

ಮನುಷ್ಯನೇ ನೀರಿನೊಳಗೆ ಶಬ್ದ ಮಾಡಿ, ಸಾವಿರಾರು ಕಿಲೋಮೀಟರ್ ಆಚೆ ಅದನ್ನು ಆಲಿಸಿ, ನಡುವಿನ ಕಡಲಿನ ಉಷ್ಣತೆಯನ್ನು ಲೆಕ್ಕ ಹಾಕುವ ವಿದ್ಯೆಯೊಂದಿದೆ. 1990ರ ದಶಕದಲ್ಲಿ ಅದು ಜಗತ್ತಿನ ಗಮನ ಸೆಳೆದಿತ್ತು; ತಿಮಿಂಗಿಲಗಳ ಹೆಸರಿನಲ್ಲಿ ಎದ್ದ ವಿವಾದದಲ್ಲಿ ಸೊರಗಿತು; ಈಗ ಮತ್ತೆ ವಿಜ್ಞಾನಿಗಳ ಮಾತಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಅದರ ಏಳುಬೀಳಿನ ಕಥೆಯನ್ನು ಈಗ ಬಿಚ್ಚಿ ನೋಡುವುದಕ್ಕೆ ಕಾರಣವಿದೆ. ಅರಬ್ಬೀ ಸಮುದ್ರಕ್ಕೆ ಈ ವಿದ್ಯೆ ಬೇಕೇ, ಬೇಕಾದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ ಇಂದಲ್ಲ ನಾಳೆ ನಮ್ಮ ಮುಂದೆ ಬರಲಿದೆ.

ಇದರ ಹಿಂದಿನ ಭೌತಶಾಸ್ತ್ರ ಕಠಿಣವೇನಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಶಬ್ದ ಸಮುದ್ರದಲ್ಲಿ ಸುಮಾರು 1500 ಮೀಟರ್ ಓಡುತ್ತದೆ. 1826ರಲ್ಲಿ ಕೊಲ್ಲಾಡೋನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮದ್ದಿನ ಪುಡಿ ಹೊತ್ತಿಸಿ, ದೂರದ ದೋಣಿಯಲ್ಲಿ ಬೆಳಕು ಕಂಡದ್ದಕ್ಕೂ ಗಂಟೆ ಕೇಳಿಸಿದ್ದಕ್ಕೂ ನಡುವಿನ ಸಮಯವನ್ನು ಅಳೆದರು. ನೀರಿನಲ್ಲಿ ಶಬ್ದದ ವೇಗವನ್ನು ಹೀಗೆ ಕಂಡುಕೊಂಡ ಬಳಿಕ ಮುಂದಿನವರಿಗೆ ತಿಳಿದದ್ದು, ನೀರು ಬಿಸಿಯಾದಷ್ಟೂ ಶಬ್ದ ಚುರುಕಾಗುತ್ತದೆ ಎಂಬುದು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸೆಕೆಂಡಿಗೆ ಸುಮಾರು ನಾಲ್ಕರಿಂದ ನಾಲ್ಕೂವರೆ ಮೀಟರ್ ಹೆಚ್ಚುತ್ತದೆ. ಆದ್ದರಿಂದ ಎರಡು ನಿಶ್ಚಿತ ಸ್ಥಳಗಳ ನಡುವೆ ಶಬ್ದ ಸಾಗಲು ಹಿಡಿಯುವ ಸಮಯವೇ ನಡುವಿನ ನೀರಿನ ತಾಪಮಾಪಕವಾಗುತ್ತದೆ. 5000 ಕಿಲೋಮೀಟರ್ ದೂರವನ್ನು ಶಬ್ದ ಸುಮಾರು 56 ನಿಮಿಷಗಳಲ್ಲಿ ಕ್ರಮಿಸುತ್ತದೆ. ಆ ದಾರಿಯುದ್ದಕ್ಕೂ ನೀರು ಸರಾಸರಿ ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು ಬಿಸಿಯಾದರೆ ಶಬ್ದ ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಬೇಗ ಬಂದು ಮುಟ್ಟುತ್ತದೆ. ಅಷ್ಟನ್ನು ಅಳೆಯುವುದು ಇಂದಿನ ಗಡಿಯಾರಗಳಿಗೆ ಕಷ್ಟವೇ ಅಲ್ಲ.

ಅಷ್ಟು ದೂರ ಶಬ್ದ ಅಳಿಯದೆ ಹೋಗುವುದಾದರೂ ಹೇಗೆ? ಇಲ್ಲಿ ಪ್ರಕೃತಿಯದೇ ಒಂದು ಏರ್ಪಾಡಿದೆ. ಕೆಳಗಿಳಿದಂತೆ ನೀರು ತಣ್ಣಗಾಗುವುದರಿಂದ ಶಬ್ದದ ವೇಗ ತಗ್ಗುತ್ತದೆ. ಇನ್ನೂ ಕೆಳಗೆ ಹೋದರೆ ಒತ್ತಡ ಹೆಚ್ಚುವುದರಿಂದ ವೇಗ ಮತ್ತೆ ಏರುತ್ತದೆ. ನಡುವೆ, ಅನೇಕ ಸಾಗರಗಳಲ್ಲಿ ಸುಮಾರು 1000 ಮೀಟರ್ ಆಳದಲ್ಲಿ, ವೇಗ ಅತಿ ಕಡಿಮೆಯಿರುವ ಪದರವೊಂದಿದೆ. ಅಲ್ಲಿ ಹೊರಟ ಶಬ್ದ ಮೇಲಕ್ಕೆ ಹೋದರೂ ಕೆಳಕ್ಕೆ ಹೋದರೂ ಬಾಗಿ ಮತ್ತೆ ಅದೇ ಪದರಕ್ಕೆ ಮರಳುತ್ತದೆ, ಎರಡು ಕಟ್ಟೆಗಳ ನಡುವೆ ಹರಿಯುವ ಕಾಲುವೆಯ ನೀರಿನಂತೆ. ಅಮೆರಿಕದ ಮಾರಿಸ್ ಯೂಯಿಂಗ್ ಮತ್ತು ಅವರ ಸಂಗಡಿಗರು 1944ರಲ್ಲಿ, ರಷ್ಯದ ಲಿಯೊನಿದ್ ಬ್ರೆಖೋವ್‌ಸ್ಕಿಖ್ 1946ರಲ್ಲಿ ಸ್ವತಂತ್ರವಾಗಿ ಈ ಕಾಲುವೆಯನ್ನು ಕಂಡುಕೊಂಡರು. ‘ಸೋಫಾರ್’ ಎಂಬುದು ಅದರ ಹೆಸರು. 1960ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ಸಿಡಿಸಿದ ಸ್ಫೋಟಕಗಳ ಸದ್ದು ಸುಮಾರು ಮೂರು ಮುಕ್ಕಾಲು ಗಂಟೆಯ ನಂತರ, ಸುಮಾರು 20,000 ಕಿಲೋಮೀಟರ್ ಆಚೆ, ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದಲ್ಲಿ ಕೇಳಿಸಿತು.

ಈ ಕಾಲುವೆಯನ್ನು ಸಾಗರದ ತಪಾಸಣೆಗೆ ಬಳಸಬಹುದೆಂದು 1979ರಲ್ಲಿ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದವರು ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಷ್. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಶರೀರದ ಅನೇಕ ದಿಕ್ಕುಗಳಿಂದ ಕಿರಣ ಹಾಯಿಸಿ ಒಳಗಿನ ಚಿತ್ರ ಕಟ್ಟುವಂತೆ, ಅನೇಕ ದಾರಿಗಳಲ್ಲಿ ಶಬ್ದ ಹಾಯಿಸಿ ಕಡಲೊಳಗಿನ ಚಿತ್ರ ಕಟ್ಟುವುದು ಅವರ ಯೋಚನೆ. ಆ ‘ಟಿ’ ಅಕ್ಷರದ ಟೊಮೋಗ್ರಫಿ ಎಂಬ ಹೆಸರೇ ಇದಕ್ಕೂ ಬಂತು. ಎರಡು ಕಡೆಯಿಂದಲೂ ಶಬ್ದ ಕಳುಹಿಸಿದರೆ ಪ್ರವಾಹದ ವೇಗವೂ ಸಿಗುತ್ತದೆ, ಏಕೆಂದರೆ ಹರಿವಿನ ಜತೆಗೆ ಸಾಗುವ ಶಬ್ದ ಹರಿವಿಗೆ ಎದುರಾಗಿ ಸಾಗುವುದಕ್ಕಿಂತ ತುಸು ಬೇಗ ತಲುಪುತ್ತದೆ. ಜಪಾನಿನವರು ತಮ್ಮ ಒಳಸಮುದ್ರಗಳ ಉಬ್ಬರವಿಳಿತವನ್ನು ಈ ಉಪಾಯದಿಂದ ಅಳೆದಿದ್ದಾರೆ.

ಮಂಕ್ ಸಾಮಾನ್ಯ ವ್ಯಕ್ತಿಯಾಗಿರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲೆಗಳ ಮುನ್ಸೂಚನೆಯ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರು. 2019ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. 1991ರ ಜನವರಿಯಲ್ಲಿ ಅವರ ತಂಡ ದಕ್ಷಿಣ ಹಿಂದೂ ಮಹಾಸಾಗರದ ಹರ್ಡ್ ದ್ವೀಪದ ಬಳಿ ನೆಲೆಯೂರಿತು. ಆಸ್ಟ್ರೇಲಿಯಾಕ್ಕೆ ಸೇರಿದ, ಹಿಮ ಕವಿದ, ಜನವಸತಿಯಿಲ್ಲದ ಆ ದ್ವೀಪವನ್ನೇ ಆರಿಸಿದ್ದಕ್ಕೆ ಕಾರಣ, ಅಲ್ಲಿಂದ ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ ಮೂರಕ್ಕೂ ಶಬ್ದಕ್ಕೆ ಅಡೆತಡೆಯಿಲ್ಲದ ದಾರಿಯಿದ್ದದ್ದು. ಹಡಗಿನಿಂದ ಇಳಿಬಿಟ್ಟ ಯಂತ್ರಗಳು ಸೆಕೆಂಡಿಗೆ 57 ಕಂಪನಗಳ ಮಂದ್ರಧ್ವನಿಯನ್ನು ಹೊರಡಿಸಿದವು. ಅಮೆರಿಕದ ಎರಡೂ ಕರಾವಳಿಗಳಲ್ಲಿ, 18,000 ಕಿಲೋಮೀಟರ್ ದೂರದವರೆಗೂ, ಅದು ಸ್ಪಷ್ಟವಾಗಿ ಕೇಳಿಸಿತು. ಆಲಿಸಿದ ರಾಷ್ಟ್ರಗಳಲ್ಲಿ ಭಾರತವೂ ಒಂದು. ಐದು ದಿನಗಳ ನಂತರ ಬಿರುಗಾಳಿಗೆ ಸಿಕ್ಕಿ ಯಂತ್ರಗಳು ಮುರಿದುಹೋದವು. ಆದರೆ ಸಾಧ್ಯವೆಂದು ತೋರಿಸಬೇಕಾದದ್ದನ್ನು ಆ ಐದು ದಿನಗಳೇ ತೋರಿಸಿದ್ದವು.

ಅದೇ ಯಾನದಲ್ಲಿ ಇನ್ನೊಂದು ಸಂಗತಿಯೂ ದಾಖಲಾಯಿತು. ಜತೆಗಿದ್ದ ಜೀವಶಾಸ್ತ್ರಜ್ಞರು ಶಬ್ದ ಆರಂಭವಾಗುವ ಮುನ್ನ ಆ ನೀರಿನಲ್ಲಿ ಸ್ಪರ್ಮ್ ತಿಮಿಂಗಿಲಗಳ ಮತ್ತು ಪೈಲಟ್ ತಿಮಿಂಗಿಲಗಳ ಸದ್ದನ್ನು ಕೇಳಿಸಿಕೊಂಡಿದ್ದರು. ಯಂತ್ರ ಮೊಳಗುತ್ತಿದ್ದ ಅವಧಿಯಲ್ಲಿ ಅವು ಕೇಳಿಸಲಿಲ್ಲ. ಅವು ಗಾಯಗೊಂಡವು ಎಂದು ಇದರಿಂದ ಹೇಳಲಾಗದು, ಆದರೆ ಸುಮ್ಮನಾದವು ಅಥವಾ ದೂರ ಸರಿದವು ಎಂಬುದನ್ನು ಅಲ್ಲಗಳೆಯಲೂ ಆಗದು. ಮುಂದಿನ ವಿವಾದವನ್ನು ಬರಿಯ ಅಜ್ಞಾನದ ಗದ್ದಲವೆಂದು ತಳ್ಳಿಹಾಕುವವರು ಈ ದಾಖಲೆಯನ್ನು ಓದಬೇಕು.

ವಿವಾದ ಭುಗಿಲೆದ್ದದ್ದು 1994ರಲ್ಲಿ. ಮಂಕ್ ಅವರ ತಂಡ ಪೆಸಿಫಿಕ್ ಸಾಗರದಲ್ಲಿ ಶಾಶ್ವತ ವ್ಯವಸ್ಥೆಯೊಂದನ್ನು ಯೋಜಿಸಿತ್ತು. ‘ಎಟಾಕ್’ ಎಂಬುದು ಅದರ ಸಂಕ್ಷಿಪ್ತ ಹೆಸರು. ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಒಂದು, ಹವಾಯಿಯ ಕವಾಯಿ ದ್ವೀಪದ ಉತ್ತರಕ್ಕೆ ಇನ್ನೊಂದು ಶಬ್ದೋತ್ಪಾದಕ ಯಂತ್ರವನ್ನು ಕಡಲತಳದಲ್ಲಿ ನೆಲೆಗೊಳಿಸಿ, ಶೀತಲ ಸಮರದ ಕಾಲದಲ್ಲಿ ರಷ್ಯದ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಅಮೆರಿಕದ ನೌಕಾಪಡೆ ಹಾಸಿದ್ದ ಹೈಡ್ರೋಫೋನ್‌ಗಳಲ್ಲಿ ಆಲಿಸುವುದು ಉದ್ದೇಶ. 195 ಡೆಸಿಬೆಲ್ ಎಂಬ ಸಂಖ್ಯೆ ಪತ್ರಿಕೆಗಳಿಗೆ ಸಿಕ್ಕಿತು. ಜೆಟ್ ವಿಮಾನದ ಅಬ್ಬರವೇ 140ರ ಆಸುಪಾಸು. 195 ಎಂದರೆ ತಿಮಿಂಗಿಲಗಳು ಕಿವುಡಾಗಿ ಸಾಯಬೇಕಷ್ಟೆ ಎಂದು ಜನ ಹೌಹಾರಿದರು. ಕಿವುಡ ತಿಮಿಂಗಿಲ ಸತ್ತ ತಿಮಿಂಗಿಲವೇ ಎಂಬುದು ಅಂದಿನ ಕೂಗು.

ಇಲ್ಲಿ ಲೆಕ್ಕದ ಗೋಜಲಿತ್ತು. ಡೆಸಿಬೆಲ್ ಎಂಬುದು ತೂಕದಂತೆ ನೇರವಾದ ಅಳತೆಯಲ್ಲ. ಒಂದು ಆಧಾರಬಿಂದುವಿನಿಂದ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಹೇಳುವ ಅನುಪಾತ. ಗಾಳಿಗೆ ಒಂದು ಆಧಾರಬಿಂದು, ನೀರಿಗೆ ಇನ್ನೊಂದು. ನೀರಿನ ಸಾಂದ್ರತೆಯನ್ನೂ ಸೇರಿಸಿದರೆ ಎರಡರ ನಡುವೆ ಸುಮಾರು 61 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ರೂಪಾಯಿಯ ಲೆಕ್ಕವನ್ನು ಡಾಲರ್ ಎಂದು ಓದಿದಂತೆ ನೀರಿನ 195ನ್ನು ಗಾಳಿಯ 195 ಎಂದು ಓದಲಾಯಿತು. ಯಂತ್ರ ಹೊರಸೂಸುತ್ತಿದ್ದ ಶಬ್ದಶಕ್ತಿ 260 ವಾಟ್, ಅಂದರೆ ಹಳೆಯ ಕಾಲದ ಮೂರ್ನಾಲ್ಕು ಬಲ್ಬುಗಳಷ್ಟು. 195 ಎಂಬುದು ಯಂತ್ರದಿಂದ ಒಂದು ಮೀಟರ್ ದೂರದ ಅಳತೆ. ಒಂದು ಕಿಲೋಮೀಟರ್ ಆಚೆ ಅದರ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಸರಕು ಹಡಗೊಂದರ ಸದ್ದು ಇದಕ್ಕಿಂತ ಬಹಳ ಕಡಿಮೆಯೇನಲ್ಲ, ಅಂಥ ಹಡಗುಗಳು ಸಾವಿರಗಟ್ಟಲೆ ಇವೆ, ಅವಕ್ಕೆ ಯಾರೂ ಪರವಾನಗಿ ಕೇಳುವುದಿಲ್ಲ.

ಆದರೂ ತಪ್ಪೆಲ್ಲ ಪತ್ರಿಕೆಗಳದು, ಜನರದು ಎಂದು ಈ ಲೇಖಕನಿಗೆ ಅನಿಸುವುದಿಲ್ಲ. ಮೊದಲು ಆರಿಸಿದ್ದ ಜಾಗ ಸಂರಕ್ಷಿತ ಕಡಲಧಾಮದೊಳಗಿತ್ತು. ಜೀವಶಾಸ್ತ್ರಜ್ಞರನ್ನು, ಮೀನುಗಾರರನ್ನು, ಪರಿಸರ ಸಂಘಟನೆಗಳನ್ನು ಯೋಜನೆ ಪೂರ್ತಿ ಹೆಣೆದ ಮೇಲೆ ಕರೆಯಲಾಯಿತು. ಊರಿನವರನ್ನು ಕೇಳದೆ ಊರಬಾವಿಗೆ ಪಂಪು ಇಳಿಸಿದರೆ ನೀರು ಎಷ್ಟೇ ಶುದ್ಧವಾಗಿ ಬಂದರೂ ಜಗಳ ತಪ್ಪದು. ಕೊನೆಗೆ ಯಂತ್ರದ ಜಾಗ ಬದಲಾಯಿತು. ಸುಮಾರು 900 ಮೀಟರ್ ಆಳದ ಪಯೋನಿಯರ್ ಎಂಬ ಸಾಗರಗರ್ಭದ ಬೆಟ್ಟಕ್ಕೆ ಅದು ಹೋಯಿತು. ಶಬ್ದವನ್ನು ಒಮ್ಮೆಗೇ ಮೊಳಗಿಸದೆ ಐದು ನಿಮಿಷಗಳ ಕಾಲ ಮೆಲ್ಲಮೆಲ್ಲನೆ ಏರಿಸುವ, 20 ನಿಮಿಷ ಕಳುಹಿಸಿ ಗಂಟೆಗಟ್ಟಲೆ ಸುಮ್ಮನಿರುವ ನಿಯಮ ಬಂತು. ತಿಮಿಂಗಿಲಗಳ ಮೇಲಿನ ಪರಿಣಾಮದ ಅಧ್ಯಯನವೇ ಮೊದಲ ಕೆಲಸವಾಗಬೇಕೆಂದು ನಿಗದಿಯಾಯಿತು. ಆ ಅಧ್ಯಯನಗಳಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಈಜಿನಲ್ಲಿ, ಮುಳುಗೇಳುವ ಅಂತರದಲ್ಲಿ ಸಣ್ಣ ವ್ಯತ್ಯಾಸಗಳು ಕಂಡವೇ ಹೊರತು ಭಯಪಟ್ಟಂಥ ಅನಾಹುತ ಕಾಣಲಿಲ್ಲ. ದೀರ್ಘಕಾಲದ ಪರಿಣಾಮವನ್ನು ಅಳೆಯಲು ಅಷ್ಟು ಅವಧಿ ಸಾಲದು ಎಂಬ ಮಾತೂ ನ್ಯಾಯವಾದದ್ದೇ.

ವಿಚಿತ್ರವೆಂದರೆ ನಿಜವಾದ ಅನಾಹುತ ಬಂದದ್ದು ಬೇರೆ ಕಡೆಯಿಂದ. 2000ದ ಮಾರ್ಚಿನಲ್ಲಿ ಬಹಾಮಾ ದ್ವೀಪಗಳಲ್ಲಿ ಅಮೆರಿಕದ ನೌಕಾಪಡೆಯ ಸೋನಾರ್ ಅಭ್ಯಾಸದ ಬೆನ್ನಿಗೇ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬಂದು ಬಿದ್ದವು, ಹಲವು ಸತ್ತವು. ಅದು ಬೇರೆ ಕಂಪನಾಂಕದ, ಬೇರೆ ಉದ್ದೇಶದ, ಹೆಚ್ಚು ಪ್ರಬಲವಾದ ಶಬ್ದ. ತೈಲ ಹುಡುಕುವವರ ಏರ್‌ಗನ್‌ಗಳು ಕೆಲವೇ ಸೆಕೆಂಡುಗಳಿಗೊಮ್ಮೆ ವಾರಗಟ್ಟಲೆ ಸಿಡಿಯುತ್ತವೆ. ಸೇನೆಗೂ ತೈಲಕ್ಕೂ ದೊರೆತ ರಿಯಾಯಿತಿ ಉಷ್ಣತೆ ಅಳೆಯಹೊರಟ ವಿಜ್ಞಾನಕ್ಕೆ ದೊರೆಯಲಿಲ್ಲ.

ಹಾಗಾದರೆ ಎಟಾಕ್‌ನಿಂದ ದೊರೆತದ್ದೇನು? ಉಪಗ್ರಹಗಳು ಕಡಲಮಟ್ಟದ ಏರಿಳಿತವನ್ನು ಅಳೆಯುತ್ತವೆ. ನೀರು ಕಾದು ಹಿಗ್ಗಿದ್ದರಿಂದಲೇ ಮಟ್ಟ ಏರಿತೆಂದು ಅಲ್ಲಿಯವರೆಗೆ ಸುಲಭವಾಗಿ ಊಹಿಸಲಾಗುತ್ತಿತ್ತು. ಉತ್ತರ ಪೆಸಿಫಿಕ್‌ನಲ್ಲಿ ಆ ಬದಲಾವಣೆಯ ಒಂದು ಪಾಲು ಮಾತ್ರ ಶಾಖದ್ದು ಎಂದು 1998ರಲ್ಲಿ ಶಬ್ದದ ಅಳತೆ ತೋರಿಸಿತು. ಕವಾಯಿಯ ಯಂತ್ರ ನಡುನಡುವೆ ನಿಂತು 2006ರವರೆಗೆ ಕೆಲಸ ಮಾಡಿತು. ಆ ಹತ್ತು ವರ್ಷಗಳ ದಾಖಲೆಯಲ್ಲಿ ಸಾವಿರಾರು ಕಿಲೋಮೀಟರ್ ಉದ್ದದ ದಾರಿಗಳ ಸರಾಸರಿ ಉಷ್ಣತೆ ಕೆಲವೊಮ್ಮೆ ಕೆಲವೇ ವಾರಗಳಲ್ಲಿ ಋತುಮಾನದ ಏರಿಳಿತದಷ್ಟು ಬದಲಾದದ್ದು ಕಂಡಿತು. ಕಂಪ್ಯೂಟರ್ ಮಾದರಿಗಳ ಅಂದಾಜಿಗೂ ಅಳತೆಗೂ ಹಲವೆಡೆ ಹೊಂದಿಕೆಯಾಗಲಿಲ್ಲ. ಹವಾಮಾನದ ಪ್ರಶ್ನೆಗೆ ಬೇಕಾದದ್ದು ಐವತ್ತು, ನೂರು ವರ್ಷಗಳ ಅಖಂಡ ಸರಣಿ. ಅದು ಹತ್ತನೆಯ ವರ್ಷಕ್ಕೆ ತುಂಡಾಯಿತು. ಕಳೆದುಹೋದ ವರ್ಷಗಳ ಉಷ್ಣತೆಯನ್ನು ಈಗ ಯಾವ ಯಂತ್ರವೂ ಹಿಂದಕ್ಕೆ ಹೋಗಿ ಅಳೆಯಲಾರದು.

ಅಷ್ಟರಲ್ಲಿ ಆರ್ಗೋ ತೇಲುಮಾಪಕಗಳು ಬಂದಿದ್ದವು. 2000ದ ಸುಮಾರಿಗೆ ಆರಂಭವಾಗಿ 2007ರಲ್ಲಿ 3000ದ ಗುರಿ ಮುಟ್ಟಿದ ಈ ಉಪಕರಣಗಳು ಇಂದು 4000ದ ಆಸುಪಾಸಿನಲ್ಲಿವೆ. ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲಕ್ಕೆ ಏರುತ್ತ ಉಷ್ಣತೆ, ಲವಣಾಂಶಗಳನ್ನು ಅಳೆದು ಉಪಗ್ರಹದ ಮೂಲಕ ತಿಳಿಸುತ್ತವೆ. ಭಾರತದ ಪಾಲಿನ ಕೆಲಸವನ್ನು ನಿರ್ವಹಿಸುವುದು ಹೈದರಾಬಾದಿನ ‘ಇನ್ಕಾಯಿಸ್’ ಸಂಸ್ಥೆ, ಕರಾವಳಿಯ ಮೀನುಗಾರರಿಗೆ ಮೀನು ಸಿಗುವ ಜಾಗದ ಸೂಚನೆ ಕೊಡುವ ಅದೇ ಸಂಸ್ಥೆ. ಆರ್ಗೋ ಇಲ್ಲದಿದ್ದರೆ ನಾವಿಂದು ಕುರುಡರು. ಆದರೆ ಅವುಗಳಲ್ಲಿ ಬಹುಪಾಲು 2000 ಮೀಟರಿನ ಕೆಳಗೆ ಇಳಿಯುವುದಿಲ್ಲ. ಮಂಜುಗಡ್ಡೆಯ ಕೆಳಗಿದ್ದರೆ ಮೇಲೆದ್ದು ಸುದ್ದಿ ಹೇಳಲಾಗದು. ಅವುಗಳಲ್ಲಿ ಸುಮಾರು ಅರ್ಧದಷ್ಟನ್ನು ಒದಗಿಸುವುದು ಅಮೆರಿಕ. 2025ರಲ್ಲಿ ಆ ದೇಶದ ಸರ್ಕಾರ ತನ್ನ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ದ ಸಂಶೋಧನೆಗೆ ಭಾರೀ ಕಡಿತ ಪ್ರಸ್ತಾಪಿಸಿದಾಗ ಜಗತ್ತಿನ ಸಾಗರವಿಜ್ಞಾನಿಗಳು ಬೆಚ್ಚಿದ್ದು ಸುಮ್ಮನೆ ಅಲ್ಲ. ಒಂದೇ ಬಗೆಯ ಉಪಕರಣವನ್ನು, ಅದರಲ್ಲೂ ಒಂದು ದೇಶದ ಖಜಾನೆಯನ್ನು ಇಷ್ಟೊಂದು ನೆಚ್ಚಿಕೊಂಡಿರುವುದರ ಅಪಾಯ ಆಗ ಎಲ್ಲರಿಗೂ ಮನವರಿಕೆಯಾಯಿತು.

ಶಬ್ದದ ವಿದ್ಯೆ ಮತ್ತೆ ಚಿಗುರುತ್ತಿರುವುದು ಈ ಹಿನ್ನೆಲೆಯಲ್ಲಿ. ಆರ್ಕ್ಟಿಕ್ ಸಾಗರದ ಆರಪಾರ ಶಬ್ದ ಕಳುಹಿಸಿ ಮಂಜಿನಡಿಯ ಅಟ್ಲಾಂಟಿಕ್ ನೀರಿನ ಪದರ ಬಿಸಿಯಾಗಿರುವುದನ್ನು 1994ರಲ್ಲೇ ಗುರುತಿಸಲಾಗಿತ್ತು. 2019-20ರಲ್ಲಿ ನಾರ್ವೆ ಮತ್ತು ಅಮೆರಿಕದವರು ಆ ಪ್ರಯೋಗವನ್ನು ಹೊಸ ಉಪಕರಣಗಳೊಂದಿಗೆ ಮತ್ತೆ ಕೈಗೊಂಡರು. ಇದಕ್ಕಿಂತ ಕುತೂಹಲಕರವಾದ ಕೆಲಸ ನಮ್ಮ ಹಿಂದೂ ಮಹಾಸಾಗರದಲ್ಲೇ ನಡೆಯಿತು. ಸುಮಾತ್ರಾದ ನಿಯಾಸ್ ದ್ವೀಪದ ಬಳಿ ಒಂದೇ ಜಾಗದಲ್ಲಿ ಮರುಕಳಿಸುವ ಭೂಕಂಪಗಳ ಸದ್ದು ಸುಮಾರು 3000 ಕಿಲೋಮೀಟರ್ ದಾಟಿ ಡಿಯಾಗೋ ಗಾರ್ಸಿಯಾ ದ್ವೀಪ ತಲುಪುವ ಸಮಯವನ್ನು ಹೋಲಿಸಿ, ನಡುವಿನ ಕಡಲು ಅಲ್ಲಿಯವರೆಗಿನ ಅಂದಾಜುಗಳಿಗಿಂತ ವೇಗವಾಗಿ ಬಿಸಿಯಾಗಿದೆಯೆಂದು ವೆನ್ಬೋ ವು ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಮನುಷ್ಯ ಶಬ್ದ ಮಾಡಬೇಕಾಗಿಯೇ ಇಲ್ಲ, ಭೂಮಿಯೇ ಮಾಡುತ್ತಿದೆ, ಕೇಳಿದರೆ ಸಾಕು ಎಂಬುದು ಇದರ ಆಕರ್ಷಣೆ. ಆದರೆ ಭೂಕಂಪ ನಮ್ಮ ಸಮಯಕ್ಕೆ, ನಮಗೆ ಬೇಕಾದ ಜಾಗದಲ್ಲಿ ಆಗುವುದಿಲ್ಲ. ಸುಮಾತ್ರಾದ ಸದ್ದು ಅರಬ್ಬೀ ಸಮುದ್ರವನ್ನು ತಲುಪಬೇಕಾದರೆ ನಡುವೆ ಭಾರತ, ಶ್ರೀಲಂಕಾ, ಮಾಲ್ಡೀವ್ಸ್ ಅಡ್ಡವಿವೆ.

ಅರಬ್ಬೀ ಸಮುದ್ರದಲ್ಲಿ ಯಂತ್ರವೊಂದನ್ನು ಇಳಿಸುವುದು ಪೆಸಿಫಿಕ್‌ನಷ್ಟು ಸರಳವೂ ಅಲ್ಲ. ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯಿಂದ ಹರಿದುಬರುವ ಬಿಸಿಯಾದ, ಹೆಚ್ಚು ಉಪ್ಪಾದ ನೀರಿನಿಂದಾಗಿ ಇಲ್ಲಿ ಶಬ್ದದ ಕಾಲುವೆ ಇನ್ನೂ ಆಳದಲ್ಲಿದೆ. ಕಡಲೊಳಗೆ ಶಬ್ದ ಹೇಗೆ ಬಾಗುತ್ತದೆಂಬ ಜ್ಞಾನವೇ ಜಲಾಂತರ್ಗಾಮಿಗಳ ಅಡಗುದಾಣದ ಜ್ಞಾನವೂ ಆಗಿರುವುದರಿಂದ ಇಂಥ ಮಾಹಿತಿಯನ್ನು ಬಹಿರಂಗಪಡಿಸುವಾಗ ಯಾವ ದೇಶದ ನೌಕಾಪಡೆಯಾದರೂ ಹಿಂಜರಿಯುತ್ತದೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಮೂರನೆಯ ಸಂಗತಿ. ಬೇರೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಧ್ರುವದತ್ತ ವಲಸೆ ಹೋದರೆ ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್‌ಗಳು ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ಕರಾವಳಿಯಲ್ಲಿ ಅವುಗಳ ಎಣಿಕೆ ನೂರನ್ನೂ ಮುಟ್ಟಲಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಅವುಗಳ ಇರವು ದಾಖಲಾಗಿದೆ. ಅಳಿವಿನಂಚಿನ ಈ ಪುಟ್ಟ ಸಮುದಾಯಕ್ಕೆ ಬೇರೆ ಮನೆಯಿಲ್ಲ. ಹವಾಯಿಯಲ್ಲಿ ಸಣ್ಣದೆನಿಸಿದ ವ್ಯತ್ಯಾಸ ಇಲ್ಲಿ ಸಣ್ಣದಾಗಿಯೇ ಉಳಿದೀತೆಂದು ಹೇಳುವ ಧೈರ್ಯ ಯಾರಿಗೂ ಇರಬಾರದು.

ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ ಬಂದದ್ದು ಇಲ್ಲಿ ಮೊದಲಿಗೇ ಬರಬೇಕು. ಮೊದಲು ಹೈಡ್ರೋಫೋನ್‌ಗಳನ್ನಷ್ಟೇ ಇಳಿಸಿ ಒಂದೆರಡು ವರ್ಷ ಕೇಳಬೇಕು: ತಿಮಿಂಗಿಲ ಎಲ್ಲಿ, ಯಾವ ತಿಂಗಳಲ್ಲಿ ಹಾಡುತ್ತದೆ, ನವಿ ಮುಂಬಯಿ ಮತ್ತು ಮಂಗಳೂರು ಬಂದರುಗಳ ಹಡಗುಗಳ ಸದ್ದು ಈಗಾಗಲೇ ಎಷ್ಟಿದೆ. ಮಲ್ಪೆಯ, ಕಾರವಾರದ, ವರ್ಸೋವಾದ ಮೀನುಗಾರರಿಗೆ ಅವರ ಭಾಷೆಯಲ್ಲಿ ವಿಷಯ ತಿಳಿಸಬೇಕು. ಮತ್ಸ್ಯಕ್ಷಾಮದ ಹೊಣೆಯನ್ನು ನಾಳೆ ಈ ಯಂತ್ರದ ತಲೆಗೆ ಕಟ್ಟುವುದಕ್ಕೂ, ನಿಜವಾದ ಹೊಣೆಯಿದ್ದರೆ ಅದನ್ನು ಮುಚ್ಚಿಡುವುದಕ್ಕೂ ಅವಕಾಶವಾಗಬಾರದು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ ಆಳಸಾಗರ ಯೋಜನೆಯಲ್ಲಿ ಹವಾಮಾನದ ಅಧ್ಯಯನವೂ ಸೇರಿದೆ. ಮನುಷ್ಯರನ್ನು 6000 ಮೀಟರ್ ಕೆಳಗೆ ಇಳಿಸುವ ನೌಕೆಗೆ ದೊರೆತ ಪ್ರಚಾರದ ಒಂದಂಶವಾದರೂ ಇಂಥ ಸದ್ದಿಲ್ಲದ ಕೆಲಸಕ್ಕೆ ದೊರೆಯಲಿ.

ನಮಗೆ ಅನುಭವವಿಲ್ಲವೆಂದೇನೂ ಅಲ್ಲ. 1993ರ ಮೇ ತಿಂಗಳಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಪೂರ್ವ ಅರಬ್ಬೀ ಸಮುದ್ರದಲ್ಲಿ, ಅಂದರೆ ನಮ್ಮದೇ ದಡದಾಚೆ, ಸುಮಾರು 270 ಕಿಲೋಮೀಟರ್ ಅಂತರದ ಎರಡು ಯಂತ್ರಗಳ ನಡುವೆ ಕೆಲವು ದಿನಗಳ ಕಾಲ ಶಬ್ದ ವಿನಿಮಯ ನಡೆಸಿ ಉಷ್ಣತೆಯನ್ನು ಅಳೆದಿದ್ದರು. ಅದೇ ಎರಡು ಬಿಂದುಗಳ ನಡುವೆ, ಅದೇ ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಅಂತರ ಸೆಕೆಂಡಿನ ಭಾಗಗಳಲ್ಲಿ ನಮ್ಮ ಮುಂದಿರುತ್ತದೆ. ಒಂದು ಮೇ ತಿಂಗಳು ಇನ್ನೊಂದರಂತಿರುವುದಿಲ್ಲ, ಸುಳಿಗಳು ಬರುತ್ತವೆ ಹೋಗುತ್ತವೆ. ಒಂದೇ ಅಳತೆಯಿಂದ ತೀರ್ಪು ಕೊಡಲಾಗದು. ಅದಕ್ಕಾಗಿಯೇ ಎರಡನೆಯ ಅಳತೆ ಆದ ಮೇಲೆ ಮೂರನೆಯದು, ನಾಲ್ಕನೆಯದು ವರ್ಷ ಬಿಡದೆ ಆಗಬೇಕು.